ಗ್ಯಾರೇಜಿನಲ್ಲಿ ತಗಡು ಬಡಿದು ಕಲಿತದ್ದು

ಥಾರ್ಪ್ ಟಿ-18 ಎರಡು ಸೀಟಿನ, ಪೂರ್ತಿ ಅಲ್ಯೂಮಿನಿಯಂ ಮೈಯ ಪುಟ್ಟ ವಿಮಾನ. ಜಾನ್ ಥಾರ್ಪ್ ಎಂಬ ಅಮೆರಿಕನ್ ಎಂಜಿನಿಯರ್ 1960ರ ದಶಕದಲ್ಲಿ ಇದರ ನಕ್ಷೆ ಬರೆದದ್ದೇ ಮನೆಯಲ್ಲಿ ಕೂತು ಕಟ್ಟುವವರಿಗಾಗಿ. 1976ರಲ್ಲಿ ಡಾನ್ ಟೇಲರ್ ಎಂಬುವರು ತಾವೇ ಕಟ್ಟಿದ ಟಿ-18ರಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬಂದರು. ಮನೆಯಲ್ಲಿ ಕಟ್ಟಿದ ವಿಮಾನ ಅಷ್ಟು ದೂರ ಹೋಗಿಬಂದದ್ದು ಅದೇ ಮೊದಲು. ಆ ವಿಮಾನ ವಿಸ್ಕಾನ್ಸಿನ್‌ನ ಆಷ್‌ಕಾಷ್ ಮ್ಯೂಸಿಯಮ್ಮಿಗೆ ಸೇರಿದೆ. ಶಿಕಾಗೋ ಪಕ್ಕದ ನಮ್ಮ ಮನೆಯಿಂದ ಕಾರಿನಲ್ಲಿ ಅಲ್ಲಿಗೆ ಒಂದು ಬೆಳಗಿನ ದಾರಿ. ಹೋಗಿ ನೋಡಿ ಬಂದ ಮೇಲೆ ನನಗೂ ಹುಚ್ಚು ಹತ್ತಿತು.

ನಾನು ಬೆಂಗಳೂರಿನಲ್ಲಿ ಐಟಿಐ ಮುಗಿಸಿ ಶೀಟ್ ಮೆಟಲ್ ಕೆಲಸದಲ್ಲಿ ಕೈ ಪಳಗಿಸಿಕೊಂಡವನು. ಆಮೇಲೆ ಈ ಕಡೆ ಬಂದು ಟೂಲ್ ರೂಮಿನಲ್ಲಿ ದುಡಿದೆ. ಇಲ್ಲಿನ ಕಾನೂನು ಹವ್ಯಾಸಿ ವಿಮಾನಕ್ಕೆ ಒಂದು ಷರತ್ತು ಹಾಕುತ್ತದೆ: ಅರ್ಧಕ್ಕಿಂತ ಹೆಚ್ಚು ಕೆಲಸ ಕಲಿಕೆಗೋ ಖುಷಿಗೋ ಕಟ್ಟುವ ಹವ್ಯಾಸಿಯ ಕೈಯಿಂದಲೇ ಆಗಿರಬೇಕು. ಈಗ ತೂತು ಸಮೇತ ಬರುವ ಕಿಟ್‌ಗಳಿವೆ. ನನ್ನದು ಹಳೇ ದಾರಿ: ಒಂದು ಕಟ್ಟು ನಕ್ಷೆ, ಒಂದಷ್ಟು ತಗಡು. ಈ ದಾರಿ ಹಿಡಿದವರಿಗೆ ನಾನು ಹೇಳುವುದು ಇಷ್ಟು. ಭಾಗ ಮಾಡುವುದು ಬೇಗ ಮುಗಿಯುತ್ತದೆ. ಅದರ ಅಂಚು ತೀಡುವುದು, ಪಕ್ಕದ ಭಾಗಕ್ಕೆ ಬಿಗಿತವಿಲ್ಲದೆ ಕೂರಿಸುವುದು, ಹೊತ್ತು ಹೋಗುವುದು ಈ ಎರಡರಲ್ಲಿ. ವಿಮಾನದ ಆಯುಷ್ಯ ನಿರ್ಧಾರವಾಗುವುದೂ ಅಲ್ಲೇ.

1. ತಗಡಿನ ಮೇಲಿನ ಅಕ್ಷರ ಅಳಿಸುವ ಮೊದಲು ಓದಿ.

ವಿಮಾನದ ತಗಡಿನ ಮೇಲೆ ಸಾಲುಸಾಲಾಗಿ ಶಾಯಿಯ ಮುದ್ರೆ ಇರುತ್ತದೆ. 2024-ಟಿ3 ಎಂದಿದ್ದರೆ ಅದು ತಾಮ್ರ ಬೆರೆತ, ಶಾಖ ಕೊಟ್ಟು ಗಟ್ಟಿಗೊಳಿಸಿದ ಮಿಶ್ರಲೋಹ. 6061-ಟಿ6 ಮೆಗ್ನೀಸಿಯಂ, ಸಿಲಿಕಾನ್ ಬೆರೆತದ್ದು. ಶಕ್ತಿಯಲ್ಲಿ ಒಂದು ಮೆಟ್ಟಿಲು ಕೆಳಗೆ, ತುಕ್ಕು ತಡೆಯುವುದರಲ್ಲಿ ಒಂದು ಮೆಟ್ಟಿಲು ಮೇಲೆ. ಕತ್ತರಿಸಿದ ಮೇಲೆ ಎರಡನ್ನೂ ಕಣ್ಣಿನಲ್ಲಿ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ಉಳಿದ ಪ್ರತಿ ತುಂಡಿನ ಮೇಲೂ ಮಾರ್ಕರ್‌ನಲ್ಲಿ ಹೆಸರು ಬರೆಯಿರಿ. ಹೆಸರಿಲ್ಲದ ತುಂಡು ನೇರ ಗುಜರಿಗೆ.

ಆ ಮುದ್ರೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅಕ್ಷರದ ಸಾಲು ಸಾಮಾನ್ಯವಾಗಿ ತಗಡನ್ನು ರೋಲ್ ಮಾಡಿದ ದಿಕ್ಕಿಗೇ ಓಡುತ್ತದೆ, ಅಂದರೆ ಲೋಹದ ಎಳೆಯ ದಿಕ್ಕಿಗೆ. ಬಗ್ಗಿಸುವ ಗೆರೆ ಎಳೆಗೆ ಅಡ್ಡವಾಗಿರಲಿ. ಎಳೆಯ ಉದ್ದಕ್ಕೆ ಬಗ್ಗಿಸಿದರೆ 2024 ಹೊರಮೈಯಲ್ಲಿ ಸೀಳಲು ಕಾದಿರುತ್ತದೆ. ತಗಡು ಉಳಿಸುವ ಆಸೆಗೆ ಭಾಗಗಳನ್ನು ಹೇಗೆಂದರೆ ಹಾಗೆ ತಿರುಗಿಸಿ ಜೋಡಿಸುವವರನ್ನು ನೋಡಿದ್ದೇನೆ. ಆ ಉಳಿತಾಯ ಬೇಡ.

2. ಪೆನ್ಸಿಲ್ಲನ್ನು ಗ್ಯಾರೇಜಿನ ಹೊರಗೆ ಇಡಿ.

ಗ್ರಾಫೈಟ್ ಗೆರೆ ಅಲ್ಯೂಮಿನಿಯಂ ಜೊತೆ, ಸ್ವಲ್ಪ ತೇವ ಸಿಕ್ಕರೆ ಸಾಕು, ಪುಟ್ಟ ಬ್ಯಾಟರಿಯಾಗಿ ಕೆಲಸ ಮಾಡಿ ಲೋಹವನ್ನು ತಿನ್ನುತ್ತದೆ. ಸೂಜಿಮೊನೆಯ ಗೀರು ಅದಕ್ಕಿಂತ ಕೆಟ್ಟದ್ದು. ಆಲ್‌ಕ್ಲಾಡ್ ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವಿರುತ್ತದೆ, ತುಕ್ಕಿನಿಂದ ಕಾಯುವುದು ಅದೇ. ಗೀರು ಆ ಪದರವನ್ನು ದಾಟಿತೆಂದರೆ ಕಾವಲೂ ಹೋಯಿತು, ಬಿರುಕಿಗೆ ದಾರಿಯೂ ಆಯಿತು. ಸೂಜಿಮೊನೆ ಬಳಸುವುದಿದ್ದರೆ ಕತ್ತರಿಸಿ ಬಿಸಾಡುವ ಗೆರೆಗೆ ಮಾತ್ರ. ಉಳಿದದ್ದಕ್ಕೆಲ್ಲ ಸಣ್ಣ ಮೊನೆಯ ಮಾರ್ಕರ್.

3. ಬಗ್ಗಿಸುವ ಮೊದಲು ಲೆಕ್ಕ, ಲೆಕ್ಕದ ಮೇಲೆ ಚೂರಿನ ಪರೀಕ್ಷೆ.

ಒಂದು ಉದಾಹರಣೆ. ಹೊರ ಅಳತೆ ಒಂದೊಂದು ಇಂಚಿರುವ ಎಲ್ ಆಕಾರದ ಪಟ್ಟಿ ಬೇಕು. ತಗಡಿನ ದಪ್ಪ 0.032 ಇಂಚು, ಅಂದರೆ ಸುಮಾರು 0.8 ಮಿ.ಮೀ. ಬಾಗಿನ ಒಳ ತ್ರಿಜ್ಯ 0.125 ಇಂಚು. ಒಂದಕ್ಕೆ ಒಂದು ಕೂಡಿ 2 ಇಂಚು ಕತ್ತರಿಸಿದರೆ ಭಾಗ ಉದ್ದವಾಗುತ್ತದೆ. ತಗಡು ಮೂಲೆಯ ತುದಿ ಮುಟ್ಟಿ ತಿರುಗುವುದಿಲ್ಲ, ಒಳಗಿನ ದಾರಿ ಹಿಡಿಯುತ್ತದೆ. ತ್ರಿಜ್ಯ ಮತ್ತು ದಪ್ಪ ಕೂಡಿದ 0.157 ಇಂಚನ್ನು ಎರಡೂ ಕಡೆ ಕಳೆಯಿರಿ. ಬಾಗಿನ ಉದ್ದ 0.219 ಇಂಚನ್ನು ಕೂಡಿ. 1.905 ಇಂಚು ಬರುತ್ತದೆ. ಹೆಚ್ಚು ಕಡಿಮೆ 2.4 ಮಿ.ಮೀ. ವ್ಯತ್ಯಾಸ. ನಾಲ್ಕು ಬಾಗಿರುವ ಭಾಗದಲ್ಲಿ ಇದು ಸೆಂಟಿಮೀಟರಿನ ಹತ್ತಿರ ಹೋಗುತ್ತದೆ.

2024-ಟಿ3ಗೆ ಒಳ ತ್ರಿಜ್ಯ ದಪ್ಪದ ಮೂರು-ನಾಲ್ಕು ಪಟ್ಟು ಇರಲಿ. ಚೂಪು ಮೂಲೆ ನೋಡಲು ಚೆಂದ, ಆದರೆ ಈ ಲೋಹಕ್ಕೆ ಆಗಿಬರುವುದಿಲ್ಲ. ಬಗ್ಗಿಸಿ ಬಿಟ್ಟಾಗ ಅದು ಒಂದಷ್ಟು ಡಿಗ್ರಿ ವಾಪಸು ಬರುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಎಷ್ಟು ವಾಪಸು ಬರುತ್ತದೆ ಎಂದು ಪುಸ್ತಕ ನೋಡಿ ಪ್ರಯೋಜನವಿಲ್ಲ. ಅದೇ ತಗಡಿನ ಚೂರನ್ನು ಅದೇ ಬೆಂಡಿಂಗ್ ಬ್ರೇಕಿನಲ್ಲಿ ಬಗ್ಗಿಸಿ ಅಳೆಯಬೇಕು. ಎರಡು ಬಾಗು ಸೇರುವ ಮೂಲೆಯಲ್ಲಿ ಮೊದಲೇ ಒಂದು ತೂತು ಕೊರೆದಿಡಿ, ಇಲ್ಲವಾದರೆ ಮೂಲೆ ಹರಿಯುತ್ತದೆ. ಬಿಸಿ ಮಾಡಿ ಬಗ್ಗಿಸೋಣ ಎಂಬ ಯೋಚನೆ ಬಂದರೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಶಾಖ ತಾಗಿದ 2024-ಟಿ3 ಆಮೇಲೆ 2024-ಟಿ3 ಆಗಿ ಉಳಿಯುವುದಿಲ್ಲ.

4. ಬಿರುಕು ಹುಟ್ಟುವುದು ಅಂಚಿನಲ್ಲಿ.

ಎಲ್ಲ ಪಾಠ ಮರೆತರೂ ಇದೊಂದು ನೆನಪಿರಲಿ. 1954ರಲ್ಲಿ ಡಿ ಹ್ಯಾವಿಲೆಂಡ್ ಕಂಪನಿಯ ಎರಡು ಕಾಮೆಟ್ ಜೆಟ್‌ಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಮೂರು ತಿಂಗಳ ಅಂತರದಲ್ಲಿ ಗಾಳಿಯಲ್ಲೇ ಒಡೆದುಹೋದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರಿಸಿ ಇಳಿಸಿ ಪರೀಕ್ಷೆ ಮಾಡಿದಾಗ ಮೈ ಸೀಳಿತು. ಲೋಹದ ದಣಿವು ಕಾಣಿಸಿದ್ದು ಕಿಂಡಿಯ ಮೂಲೆಯ ಬಳಿ, ರಿವೆಟ್ ತೂತುಗಳ ಅಂಚಿನಲ್ಲಿ. ನಮ್ಮ ಪುಟ್ಟ ವಿಮಾನದ ಮೈಯೊಳಗೆ ಅಂಥ ಗಾಳಿ ಒತ್ತಡ ತುಂಬುವುದಿಲ್ಲ, ನಿಜ. ಆದರೆ ಎಂಜಿನ್ ಹಾರುವಷ್ಟು ಹೊತ್ತೂ ನಡುಗಿಸುತ್ತದೆ. ಬಿರುಕಿಗೆ ಅಷ್ಟು ಸಾಕು.

ಇದು ಹಳೇ ಕಾಲದ ಮಾತೂ ಅಲ್ಲ. 2023ರಲ್ಲಿ ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಕಿಟ್‌ನ ಕೆಲವು ಭಾಗಗಳಿಗೆ ಲೇಸರ್‌ನಿಂದ ಕೊರೆಸಿದ ತೂತುಗಳು ಡಿಂಪಲ್ (ರಿವೆಟ್ ತಲೆ ಕೂರುವ ಕುಳಿ) ಒತ್ತುವಾಗ ಅಂಚಿನಲ್ಲಿ ಬಿರಿಯುತ್ತವೆ ಎಂದು ಗೊತ್ತಾಯಿತು. ಬದಲಿ ಭಾಗಗಳ ಹೊರೆ ದೊಡ್ಡದಿತ್ತು. ವರ್ಷದ ಕೊನೆಗೆ ಕಂಪನಿ ದಿವಾಳಿ ರಕ್ಷಣೆಯ ಮೊರೆ ಹೋಗಲು ಇದ್ದ ಕಾರಣಗಳಲ್ಲಿ ಇದೂ ಒಂದು. ತೂತಿನ ಅಳತೆ ಸರಿಯಿದ್ದರೆ ಸಾಲದು, ಅದರ ತುಟಿ ನಯವಾಗಿರಬೇಕು.

ಮಾಡುವ ಕ್ರಮ ಹೀಗೆ. ಕತ್ತರಿ ಹಾಯ್ದ ಅಂಚಿನಲ್ಲಿ ಕಣ್ಣಿಗೆ ಕಾಣದ ಹರುಕುಗಳಿರುತ್ತವೆ. ಹಾಗಾಗಿ ಗೆರೆಗಿಂತ ಸ್ವಲ್ಪ ಹೊರಗೆ ಕತ್ತರಿಸಿ, ಅರದಿಂದ ಗೆರೆಗೆ ಇಳಿಸಿ. ಅರ ಓಡಬೇಕಾದದ್ದು ಅಂಚಿನ ಉದ್ದಕ್ಕೆ. ಅಡ್ಡ ಓಡಿಸಿದರೆ ಪ್ರತಿ ಹಲ್ಲಿನ ಗೀರೂ ಒಂದೊಂದು ಬಿರುಕಿನ ಬೀಜ. ಕೊನೆಗೆ ಸ್ಕಾಚ್‌ಬ್ರೈಟ್ ಚಕ್ರ, ಅದೂ ಉದ್ದಕ್ಕೇ. ತೂತಿನ ಬರ್, ಅಂದರೆ ಬಾಯಲ್ಲಿ ಉಳಿದ ಚೂಪು ಹರುಕು, ತೆಗೆಯಲು ಸಣ್ಣ ಕೈ ಉಪಕರಣ ಸಾಕು. ತೆಳು ತಗಡಿಗೆ ಬೆರಳಲ್ಲಿ ಹಿಡಿದು ಒಂದೆರಡು ಸುತ್ತು, ಭಾರ ಹಾಕದೆ. ಉತ್ಸಾಹ ಹೆಚ್ಚಾಗಿ ಒತ್ತಿ ತಿರುಗಿಸಿದರೆ ತೂತಿನ ಬಾಯಿ ಅಗಲವಾಗಿ, ರಿವೆಟ್ಟಿಗೆ ಹಿಡಿಯಲು ಲೋಹವೇ ಇರುವುದಿಲ್ಲ. ಪರೀಕ್ಷೆಗೆ ಚೂರು ಹತ್ತಿ ತೆಗೆದುಕೊಂಡು ಅಂಚಿನ ಮೇಲೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಕೆಲಸ ಬಾಕಿ ಇದೆ.

ತೂತಿನ ನಡುಮಧ್ಯದಿಂದ ತಗಡಿನ ಅಂಚಿಗೆ ರಿವೆಟ್ ವ್ಯಾಸದ ಎರಡು ಪಟ್ಟಾದರೂ ದೂರವಿರಬೇಕು. ಕಾಲಿಂಚಿನ ಅರ್ಧದ, ಅಂದರೆ 1/8 ಇಂಚಿನ ರಿವೆಟ್ಟಿಗೆ ಕಾಲಿಂಚು. ಈ ಅಳತೆ ಎಂಟನೇ ಪಾಠದಲ್ಲಿ ಮತ್ತೆ ಬೇಕಾಗುತ್ತದೆ.

5. ರಿಬ್ ಬಾಳೆಹಣ್ಣಾದರೆ ಬಡಿಯಬೇಡಿ, ನೆರಿಗೆ ಹಿಡಿಯಿರಿ.

ರೆಕ್ಕೆಯ ರಿಬ್ ಮಾಡಲು ಗಟ್ಟಿ ಮರದ ಎರಡು ಅಚ್ಚು ಬೇಕು. ನಡುವೆ ತಗಡು ಇಟ್ಟು ಬೋಲ್ಟ್ ಬಿಗಿದು, ಹೊರಗೆ ಚಾಚಿದ ಅಂಚನ್ನು ಕೊಡತಿಯಿಂದ ಸ್ವಲ್ಪ ಸ್ವಲ್ಪವೇ ಮಡಚಬೇಕು. ಒಂದೇ ಜಾಗದಲ್ಲಿ ನಿಂತು ಬಡಿಯದೆ, ಉದ್ದಕ್ಕೂ ಸುತ್ತಿ ಸುತ್ತಿ ಬರಬೇಕು. ಉಬ್ಬಿದ ಬಾಗಿನ ಮೇಲೆ ಮಡಚಿದ ಅಂಚಿಗೆ ಜಾಗ ಸಾಲುವುದಿಲ್ಲ, ಹೆಚ್ಚಾದ ಲೋಹ ಅಲೆಅಲೆಯಾಗಿ ನಿಲ್ಲುತ್ತದೆ. ಅಚ್ಚಿನಿಂದ ಬಿಚ್ಚಿದ ಕೂಡಲೇ ಇಡೀ ರಿಬ್ ಬಾಗಿ ಕೂರುತ್ತದೆ. ಆಗ ಫ್ಲೂಟಿಂಗ್ ಇಕ್ಕಳ ತೆಗೆದುಕೊಂಡು, ರಿವೆಟ್ ಬರುವ ಜಾಗಗಳನ್ನು ಬಿಟ್ಟು ಅವುಗಳ ನಡುವೆ, ಸೀರೆಯ ನೆರಿಗೆ ಹಿಡಿದ ಹಾಗೆ ಸಣ್ಣ ಸಣ್ಣ ಮಡಿಕೆ ಒತ್ತಬೇಕು. ಮಡಿಕೆ ಒಳಮುಖವಾಗಿರಲಿ, ಹೊರಗೆ ಚರ್ಮದ ತಗಡು ಕೂರಬೇಕಲ್ಲ. ಒಂದೆರಡು ಒತ್ತಿ, ಸಮತಟ್ಟು ಮೇಜಿನ ಮೇಲಿಟ್ಟು ನೋಡಿ, ಮತ್ತೊಂದು ಒತ್ತಿ. ರಿಬ್ ಅಲುಗಾಡದೆ ಮೇಜಿಗೆ ಅಂಟಿ ಕೂತಾಗ ನಿಲ್ಲಿಸಿ.

ಒಳಬಾಗಿನ ಅಂಚಿನ ಕಥೆ ಉಲ್ಟಾ. ಅಲ್ಲಿ ಲೋಹ ಹಿಗ್ಗಬೇಕು. ಬಡಿಯುವ ಮೊದಲೇ ಅಂಚು ನಯ ಮಾಡಿರದಿದ್ದರೆ ಬಡಿಯುತ್ತಿರುವಾಗಲೇ ಹರಿದು ತೋರಿಸುತ್ತದೆ.

6. ಉದ್ದ ತಗಡು ಕೊರೆಯುವ ದಿನ ಥರ್ಮಾಮೀಟರ್ ನೋಡಿ.

ಟಿ-18ರ ಜಾಣತನವಿರುವುದು ತೂತುಗಳ ಜೋಡಿಯಲ್ಲಿ. ಚಪ್ಪಟೆ ಚರ್ಮದಲ್ಲೂ ಒಳಗಿನ ಚೌಕಟ್ಟಿನಲ್ಲೂ ನಕ್ಷೆಯ ಒಂದೇ ಅಂತರಕ್ಕೆ ತೂತು ಕೊರೆದಿರುತ್ತೀರಿ. ರಿವೆಟ್ ಬರುವವರೆಗೆ ತಗಡುಗಳನ್ನು ಹಿಡಿದಿಡುವ ಕ್ಲೀಕೋ ಎಂಬ ಸ್ಪ್ರಿಂಗ್ ಪಿನ್ ಹಾಕುತ್ತಾ ಹೋದಂತೆ ವಿಮಾನದ ಮೈ ತಾನೇ ನೇರವಾಗಿ ಕೂಡಿಕೊಳ್ಳುತ್ತದೆ, ದೊಡ್ಡ ಜಿಗ್ ಬೇಕಾಗುವುದಿಲ್ಲ. ಆದರೆ ತೂತಿನ ಸಾಲು ಸುಳ್ಳು ಹೇಳಿದರೆ ಮೈಯೂ ಸುಳ್ಳು ಹೇಳುತ್ತದೆ.

ಎರಡೂವರೆ ಮೀಟರ್ ಉದ್ದದ ಅಲ್ಯೂಮಿನಿಯಂ ತಗಡು 20 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 1.15 ಮಿ.ಮೀ. ಬೆಳೆಯುತ್ತದೆ. ಪಕ್ಕದಲ್ಲಿಟ್ಟ ಉಕ್ಕಿನ ಟೇಪು ಬೆಳೆಯುವುದು ಅದರ ಅರ್ಧದಷ್ಟು. ಶಿಕಾಗೋದ ಜನವರಿಯಲ್ಲಿ ಗುರುತು ಹಾಕಿದ ಸಾಲನ್ನು ಜುಲೈನಲ್ಲಿ ಅಳೆದು ನೋಡಿದರೆ ಟೇಪು ಜಗಳಕ್ಕೆ ಬರುತ್ತದೆ. ಗ್ಯಾರೇಜಿನ ಬಾಗಿಲಿಂದ ಬಿಸಿಲು ಚರ್ಮದ ಮೇಲೆ ಬೀಳುತ್ತಾ, ಅದರಡಿಯ ಸ್ಪಾರ್ (ರೆಕ್ಕೆಯ ತೊಲೆ) ನೆರಳಿನಲ್ಲಿದ್ದರೆ ಇನ್ನೂ ಕಷ್ಟ. ಎರಡನ್ನೂ ರಾತ್ರಿಯಿಡೀ ಒಂದೇ ಕಡೆ ಇಟ್ಟು, ಬೆಳಿಗ್ಗೆ ಬಾಗಿಲು ಮುಚ್ಚಿ, ಒಟ್ಟಿಗೆ ಕೊರೆಯಿರಿ. ಮಧ್ಯದಿಂದ ಶುರುಮಾಡಿ ಎರಡೂ ತುದಿಗೆ ಹೋಗಿ.

7. ಗನ್ ಹಿಡಿದವನು ಆಳು, ಬಾರ್ ಹಿಡಿದವರು ಯಜಮಾನರು.

ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗೆ ಗಾಳಿಯ ಗನ್, ಒಳಗೆ ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿಯುವ ಉಕ್ಕಿನ ಬಕಿಂಗ್ ಬಾರ್. ನಮ್ಮಲ್ಲಿ ಬಾರ್ ನನ್ನ ಹೆಂಡತಿಯ ಕೈಯಲ್ಲಿತ್ತು. ಅವಳ ಕೈ ಸಣ್ಣದು, ರಿಬ್‌ಗಳ ನಡುವೆ ಮೊಣಕೈವರೆಗೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅವಳಿಗೆ ಅವಸರವಿಲ್ಲ. ಶುರುವಿನಲ್ಲೇ ಕಾನೂನು ಹಾಕಿದಳು: "ಹೊಡೆಯೋದು ನೀವು, ನೋಡೋದು ನಾನು. 'ಹಿಡಿದೆ' ಅನ್ನೋವರೆಗೂ ಟ್ರಿಗರ್ ಮೇಲೆ ಬೆರಳು ಇಡಬೇಡಿ ರೀ." ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ನಾನು ಕೇಳಿಲ್ಲ. ಬಾರ್ ಇಲ್ಲದ ಕಡೆ ಗನ್ ಹೊಡೆದರೆ ತಗಡು ಒಳಕ್ಕೆ ಕುಳಿ ಬೀಳುತ್ತದೆ, ಅದನ್ನು ವಾಪಸು ತರುವ ವಿದ್ಯೆ ಯಾರಿಗೂ ಇಲ್ಲ.

"ಹಿಡಿದೆ." ಟ್ರಿಗರ್. ಎರಡು ಮೂರು ಸೆಕೆಂಡಿನ ಗುಡುಗು. "ಸಾಕು." ಟಾರ್ಚ್ ಹಾಕಿ, ಗೇಜ್ ಇಟ್ಟು ನೋಡುತ್ತಾಳೆ. "ಇನ್ನೊಂದು ಚೂರು ಕೊಡಿ." ಒಂದು ಸಣ್ಣ ಒತ್ತು. "ಆಯ್ತು, ಮುಂದಿನದು."

ಅವಳು ನೋಡುತ್ತಿದ್ದ ಅಳತೆ ಸರಳ. ಬಡಿದ ಮೇಲೆ ಬಾಲದ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ. 1/8 ಇಂಚಿನ ರಿವೆಟ್ಟಿಗೆ ಅಗಲ 4.8 ಮಿ.ಮೀ., ಎತ್ತರ 1.6 ಮಿ.ಮೀ. ಇದು ಸಿಗಬೇಕಾದರೆ ರಿವೆಟ್ಟಿನ ಉದ್ದ ಸರಿಯಿರಬೇಕು: ತಗಡುಗಳ ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಕೂಡಿ. 0.032 ಮತ್ತು 0.040 ಇಂಚಿನ ಎರಡು ತಗಡಿಗೆ 0.26 ಇಂಚು ಬರುತ್ತದೆ, ಕಾಲಿಂಚಿನದ್ದು ಆರಿಸಿ. ಡಬ್ಬಿಯ ಮೇಲೆ ಅದು ಎಎನ್470ಎಡಿ4-4: ಮೊದಲ 4 ಇಂಚಿನ ಮೂವತ್ತೆರಡನೇ ಭಾಗದ ಲೆಕ್ಕದಲ್ಲಿ ವ್ಯಾಸ, ಕೊನೆಯ 4 ಹದಿನಾರನೇ ಭಾಗದ ಲೆಕ್ಕದಲ್ಲಿ ಉದ್ದ. ಎಡಿ ರಿವೆಟ್ಟಿನ ತಲೆಯ ನಡುವೆ ಸಣ್ಣ ಕುಳಿ ಇರುತ್ತದೆ, ಗುರುತು ಅದೇ.

ಗನ್ನಿನ ಗಾಳಿ ತೀರಾ ಕಡಿಮೆ ಇಟ್ಟು ಟಕಟಕ ಎಂದು ಬಹಳ ಹೊತ್ತು ಬಡಿಯುವುದು ಸೌಮ್ಯತೆ ಅಲ್ಲ. ಪ್ರತಿ ಏಟಿಗೂ ರಿವೆಟ್ ಗಡುಸಾಗುತ್ತದೆ, ಕೊನೆಗೆ ಬಿರಿಯುತ್ತದೆ. ಬೇಗ ಹೊಡೆದು ಬೇಗ ಮುಗಿಸಿ.

8. ಸೊಟ್ಟ ರಿವೆಟ್ ಕಂಡ ಕೂಡಲೇ ಡ್ರಿಲ್ ಎತ್ತಿಕೊಳ್ಳಬೇಡಿ.

ಹೊಸಬರಿಗೆ ಎಲ್ಲ ರಿವೆಟ್ಟೂ ನಾಣ್ಯದಂತೆ ದುಂಡಗಿರಬೇಕು ಎಂಬ ಆಸೆ. ಸ್ವಲ್ಪ ವಾಲಿದ ರಿವೆಟ್ಟಿಗಿಂತ ಅದನ್ನು ತೆಗೆಯಲು ಹೋಗಿ ಮೊಟ್ಟೆಯಾಕಾರವಾದ ತೂತು ಕೆಟ್ಟದ್ದು. ತೆಗೆಯಲೇಬೇಕಾದರೆ ತಲೆಯ ಕುಳಿಯಲ್ಲಿ ಡ್ರಿಲ್ ಇಟ್ಟು ತಲೆಯ ದಪ್ಪದಷ್ಟು ಮಾತ್ರ ಕೊರೆಯಿರಿ. ಪಂಚ್ ಸಿಕ್ಕಿಸಿ ತಲೆ ಮುರಿಯಿರಿ. ಹಿಂದಿನಿಂದ ಆಸರೆ ಕೊಟ್ಟು ಬಾಲ ಹೊರದಬ್ಬಿ. ತೂತು ದೊಡ್ಡದಾದರೆ 5/32 ಇಂಚಿನ ರಿವೆಟ್ ಹಾಕಬಹುದು, ಆದರೆ ಅದಕ್ಕೆ ಬೇಕಾದ ಅಂಚಿನ ದೂರ ಈಗ 5/16 ಇಂಚು. ಮೊದಲು ಕಾಲಿಂಚಿನಷ್ಟೇ ಬಿಟ್ಟಿದ್ದರೆ ಆ ದಾರಿ ಮುಚ್ಚಿದೆ. ಅದಕ್ಕೇ ತಗಡು ಕತ್ತರಿಸುವಾಗ ಕನಿಷ್ಠ ಅಳತೆಗೆ ಜೋತುಬೀಳದೆ ಕೂದಲೆಳೆಯಷ್ಟು ಉದಾರವಾಗಿರಿ.

9. ಕ್ಲೀಕೋ ಬಿಚ್ಚಿದಾಗ ಭಾಗ ಸಿಡಿದರೆ ಅದು ಕೂತಿಲ್ಲ.

ಕ್ಲೀಕೋಗಳ ಬಿಗಿತದಲ್ಲಿ ಎಲ್ಲವೂ ಸರಿಯಾಗಿ ಕೂತಂತೆ ಕಾಣುತ್ತದೆ. ಅರ್ಧ ಕ್ಲೀಕೋ ತೆಗೆದು ನೋಡಿ. ಭಾಗ ಇದ್ದಲ್ಲೇ ಇದ್ದರೆ ಸರಿ. ತುದಿ ಮೇಲೆದ್ದರೆ ನೀವು ಅದನ್ನು ಬಲವಂತವಾಗಿ ಎಳೆದು ಹಿಡಿದಿದ್ದೀರಿ. ವಿಮಾನ ನೆಲದ ಮೇಲೆ ನಿಂತಿರುವಾಗಲೂ ಆ ಬಿಗಿತ ತೂತುಗಳ ಮೇಲೆ ಕೂತಿರುತ್ತದೆ, ಹಾರುವಾಗಿನ ಭಾರ ಅದರ ಮೇಲೆ ಸೇರುತ್ತದೆ. ರಿವೆಟ್ ತಗಡುಗಳನ್ನು ಹತ್ತಿರಕ್ಕೆ ಎಳೆಯುತ್ತದೆ ಎಂಬ ನಂಬಿಕೆಯೂ ತಪ್ಪು. ನಡುವೆ ಸಂದಿದ್ದರೆ ರಿವೆಟ್ ಅಲ್ಲೇ ಊದಿಕೊಂಡು ಸಂದನ್ನು ಖಾಯಂ ಮಾಡುತ್ತದೆ. ಸಂದಿಗೆ ಅದೇ ಜಾತಿಯ ತಗಡಿನ ಶಿಮ್ ಇಡಿ, ಅಥವಾ ಭಾಗವನ್ನು ಹೊಸದಾಗಿ ಮಾಡಿ. ಎಂಟಾಣೆಯ ಬ್ರಾಕೆಟ್ಟನ್ನು ಉಳಿಸಲು ರೆಕ್ಕೆಯನ್ನು ಸೊಟ್ಟ ಮಾಡಬೇಡಿ.

10. ಬೋಲ್ಟ್ ಎಂದರೆ ಯಾವುದೋ ಬೋಲ್ಟ್ ಅಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಕಿಲೋ ಲೆಕ್ಕದಲ್ಲಿ ಸಿಗುವ ಬೋಲ್ಟು ವಿಮಾನಕ್ಕೆ ಸಲ್ಲದು. ವಿಮಾನಕ್ಕೆಂದೇ ಮಾಡಿದ ಎಎನ್ ಬೋಲ್ಟಿನ ಗುಣ ಅದರ ನಯವಾದ ಕತ್ತಿನಲ್ಲಿದೆ. ಭಾರ ಹೊರಬೇಕಾದದ್ದು ಆ ಕತ್ತು, ಥ್ರೆಡ್ ಇರುವ ಭಾಗ ತೂತಿನೊಳಗೆ ಭಾರಕ್ಕೆ ಸಿಗಬಾರದು. ಸಣ್ಣದಾದ ಎಎನ್3ಕ್ಕೆ ಬಿಗಿತ 20ರಿಂದ 25 ಇಂಚು-ಪೌಂಡ್ ಮಾತ್ರ. ನೈಲಾನ್ ನಟ್ ತಿರುಗಿಸಲು ಬೇಕಾಗುವ ಎಳೆತವನ್ನು ಮೊದಲು ಅಳೆದು ಅದಕ್ಕೆ ಇದನ್ನು ಕೂಡಬೇಕು. ಕೈ ಅಂದಾಜು ಕಾರಿನ ಚಕ್ರಕ್ಕಿರಲಿ. ತಿರುಗುವ ಕೀಲುಗಳಲ್ಲಿ ನೈಲಾನ್ ನಟ್ ಬೇಡ, ಕ್ಯಾಸಲ್ ನಟ್ ಹಾಕಿ ಕಾಟರ್ ಪಿನ್ ಮಡಚಿ.

11. ಎಂಜಿನ್ ಮೌಂಟಿನ ಮೇಲೆ ವೆಲ್ಡಿಂಗ್ ಕಲಿಯಬೇಡಿ.

4130 ಉಕ್ಕಿನ ಕೊಳವೆಗಳ ಮೌಂಟನ್ನು ನಾನು ನುರಿತ ವೆಲ್ಡರ್ ಒಬ್ಬರಿಂದ ಮಾಡಿಸಿದೆ. ಆದರೆ ಕೊಳವೆಗಳ ತುದಿಯನ್ನು ಮೀನಿನ ಬಾಯಿಯಾಕಾರಕ್ಕೆ ಅರದಿಂದ ಕಡೆದು ಕೂರಿಸಿದ್ದು ನಾನೇ. ಬೆಳಕಿಗೆ ಹಿಡಿದರೆ ಸಂದು ಕಾಣದಷ್ಟು. ಸಂದು ತುಂಬುವುದು ವೆಲ್ಡರನ ಕೆಲಸವಲ್ಲ. ಬೆಸೆದ ಮೇಲೆ ನೀರು ಹಾಕಿ ತಣಿಸಬೇಡಿ, ಈ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಗಾಳಿ ಬೀಸದ ಜಾಗದಲ್ಲಿ ತಾನಾಗಿಯೇ ಆರಲಿ.

12. ಮುಚ್ಚುವ ಮೊದಲು ಪರರ ಕಣ್ಣು, ಹಾರಿದ ಮೇಲೆ ನಿಮ್ಮ ಕಣ್ಣು.

ರೆಕ್ಕೆಯ ಕೊನೆಯ ಚರ್ಮ ಹಾಕಿದರೆ ಒಳಗಿನದ್ದು ಯಾರಿಗೂ ಕಾಣುವುದಿಲ್ಲ. ಹವ್ಯಾಸಿ ವಿಮಾನದವರ ಸಂಘ ಇಎಎಯಲ್ಲಿ ಉಚಿತವಾಗಿ ಬಂದು ನೋಡಿ ಹೇಳುವ ಅನುಭವಿಗಳಿದ್ದಾರೆ. ಅವರನ್ನು ಕರೆಯಿರಿ, ಬಂದಾಗ ವಾದ ಮಾಡಬೇಡಿ. ಪ್ರತಿ ಹಂತದ ಫೋಟೋ ಮತ್ತು ದಿನಚರಿ ಇಡಿ. ಅರ್ಧಕ್ಕಿಂತ ಹೆಚ್ಚು ಕೆಲಸ ನಿಮ್ಮದೇ ಎಂದು ಇನ್‌ಸ್ಪೆಕ್ಟರ್ ಎದುರು ಸಾಬೀತು ಮಾಡುವುದು ಅವೇ.

ವಿಮಾನಕ್ಕೆ ಹಾಕಿರುವ ಎಂಜಿನ್ ಮತ್ತು ಪ್ರೊಪೆಲ್ಲರ್ ಪ್ರಮಾಣಿತ ಜೋಡಿಯಾಗಿದ್ದರೆ ಪರೀಕ್ಷಾ ಹಾರಾಟ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40. ಆ ಗಂಟೆಗಳಲ್ಲಿ ಪ್ರತಿ ಸಲ ಇಳಿದ ಮೇಲೂ ಬಿಳಿ ಬಟ್ಟೆ ಹಿಡಿದು ರಿವೆಟ್ ಸಾಲುಗಳ ಮೇಲೆ ನಡೆಯಿರಿ. ಯಾವುದಾದರೂ ರಿವೆಟ್ಟಿನಿಂದ ಹಿಂದಕ್ಕೆ ಹೊಗೆಯಂಥ ಕಪ್ಪು ಗೆರೆ ಹರಿದಿದ್ದರೆ ಅದು ಒಳಗೆ ಅಲುಗಾಡಿ ಲೋಹ ಸವೆಸುತ್ತಿದೆ. ಒರೆಸಿ, ಪಕ್ಕದಲ್ಲಿ ಟೇಪಿನ ಗುರುತು ಹಾಕಿ. ಮುಂದಿನ ಹಾರಾಟದ ನಂತರವೂ ಗೆರೆ ಬಂದರೆ ಆ ರಿವೆಟ್ ತೆಗೆದು, ಅಂಚಿನ ದೂರ ಅಳೆದು, ಮುಂದಿನ ಅಳತೆಯದ್ದು ಹಾಕಿ. ಅಕ್ಕಪಕ್ಕದ ನಾಲ್ಕನ್ನೂ ಪರೀಕ್ಷಿಸಿ, ಸಡಿಲವಾದದ್ದು ಒಂಟಿಯಾಗಿ ಇರುವುದು ಕಡಿಮೆ.